ಹಸುಗಳ ಹೊಲದಲ್ಲಿ ಹುಟ್ಟಿದ ಹಸುರು ಮೈದಾನ

ಗಾಲ್ಫ್ ಎಂಬ ಹೆಸರನ್ನು ಕೇಳಿದೊಡನೆ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ ಬಗೆಯದು. ಎತ್ತರವಾದ ಬೇಲಿ, ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ, ಒಳಗೆ ಕಣ್ಣು ಹಾಯುವವರೆಗೂ ಕತ್ತರಿಸಿ ಒಪ್ಪಮಾಡಿದ ಹುಲ್ಲು, ಅದರ ಮೇಲೆ ನಿಧಾನವಾಗಿ ಹೆಜ್ಜೆಯಿಡುವ ನಾಲ್ಕಾರು ಮಂದಿ ದೊಡ್ಡ ಮನುಷ್ಯರು, ಅವರ ಹಿಂದೆ ಕೋಲುಗಳ ಚೀಲವನ್ನು ಹೊತ್ತ ಬಡ ಹುಡುಗ! ಈ ಚಿತ್ರ ಸುಮ್ಮನೆ ಮೂಡಿದುದಲ್ಲ. ಆಟವು ಬ್ರಿಟಿಷರ ಜೊತೆಯಲ್ಲಿಯೇ ಹಡಗಿನಿಂದಿಳಿದು ಬಂದಿತು. ಕಲಕತ್ತೆಯಲ್ಲಿ 1829ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಯಿತು. ಬೆಂಗಳೂರಿನ ಕ್ಲಬ್ಬು ಹುಟ್ಟಿದುದು 1876ರಲ್ಲಿ. ಕೋಲಾರದ ಚಿನ್ನದ ಗಣಿಗಳ ಬಿಳಿಯ ಅಧಿಕಾರಿಗಳೂ, ಕೊಡಗಿನ ಕಾಫಿ ತೋಟಗಳ ದೊರೆಗಳೂ ತಮ್ಮ ಬೇಸರ ಕಳೆಯಲು ಅಲ್ಲಲ್ಲಿ ಮೈದಾನಗಳನ್ನು ಮಾಡಿಕೊಂಡರು. ಆಡುವವರು ಯಾರು, ಚೀಲ ಹೊರುವವರು ಯಾರು ಎಂಬುದು ಅಂದು ಯಾರೂ ಕೇಳಬೇಕಾದ ಪ್ರಶ್ನೆಯಾಗಿರಲಿಲ್ಲ.

ಆದರೆ ಈ ಆಟಕ್ಕೆ ಇನ್ನೊಂದು ಮುಖವೂ ಉಂಟು. ಕಾವಲುಗಾರನಿಲ್ಲದ, ಒಂದು ಮನೆಯ ಗಂಡಹೆಂಡಿರು ಮಕ್ಕಳು ಸೇರಿ ತಮ್ಮ ಹೊಲದಲ್ಲಿಯೇ ಕಟ್ಟಿ ನಡೆಸುವ ಪುಟ್ಟ ಮೈದಾನಗಳ ಮುಖ ಅದು. ಅಲ್ಲಿ ಬೆಳಗ್ಗೆ ಹುಲ್ಲು ಕತ್ತರಿಸಿದ ಕೈಯೇ ಮಧ್ಯಾಹ್ನ ಹಣ ಪಡೆದು ಚೀಟಿ ಕೊಡುತ್ತದೆ. ಸಂಜೆ ಅದೇ ಕೈ ಊರಿನ ಮಕ್ಕಳಿಗೆ ಕೋಲು ಹಿಡಿಯುವುದನ್ನು ಕಲಿಸುತ್ತದೆ. ಇಂಥ ಮೈದಾನಗಳಲ್ಲಿ ಒಂದರ ಕಥೆ, ಆಟದ ಕಥೆಗಿಂತ ಹೆಚ್ಚಾಗಿ ಮನುಷ್ಯನ ಮಾನದ ಕಥೆ. ಅದು ನಡೆದುದು ಅಮೆರಿಕದ ಓಹಾಯೊ ರಾಜ್ಯದಲ್ಲಿ, ಈಸ್ಟ್ ಕ್ಯಾಂಟನ್ ಎಂಬ ಸಣ್ಣ ಊರಿನ ಬಳಿಯಲ್ಲಿ. ಅದನ್ನು ಹೇಳುವ ಮುನ್ನ ಇಂಥ ಮೈದಾನಗಳ ಹುಟ್ಟುಗುಣವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಕುರಿಗಳು ಕತ್ತರಿಸಿದ ಹುಲ್ಲು

ಗಾಲ್ಫ್ ಆಟದ ತವರು ಸ್ಕಾಟ್ಲೆಂಡ್. ಅಲ್ಲಿ ಅದು ಅರಮನೆಯ ಅಂಗಳದಲ್ಲಿ ಹುಟ್ಟಲಿಲ್ಲ. ಸಮುದ್ರಕ್ಕೂ ಹೊಲಗಳಿಗೂ ನಡುವೆ ಉಳಿದ, ನೇಗಿಲು ಹೂಡಲು ಬಾರದ ಮರಳುನೆಲದಲ್ಲಿ ಹುಟ್ಟಿತು. ಹುಲ್ಲನ್ನು ಕುರಿಗಳೂ ಮೊಲಗಳೂ ಮೇಯ್ದು ಸಣ್ಣದು ಮಾಡುತ್ತಿದ್ದುವು. ಗಾಳಿಯ ಹೊಡೆತದಿಂದ ತಪ್ಪಿಸಿಕೊಳ್ಳಲು ಕುರಿಗಳು ಮಲಗಿ ಮಲಗಿ ಸವೆಸಿದ ತಗ್ಗುಗಳೇ ಇಂದಿನ ಮರಳುಗುಂಡಿಗಳ ಮೂಲವೆಂದು ಪ್ರತೀತಿ. ಈ ಆಟದ ಹುಚ್ಚು ಎಷ್ಟು ಹಬ್ಬಿತ್ತೆಂದರೆ, ಜನರು ಬಿಲ್ಲುವಿದ್ಯೆಯ ಅಭ್ಯಾಸವನ್ನು ಮರೆಯುತ್ತಿದ್ದಾರೆಂದು 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಅದನ್ನು ನಿಷೇಧಿಸಬೇಕಾಯಿತು. ನಿಷೇಧಕ್ಕೆ ಗುರಿಯಾಗಬೇಕಾದರೆ ಆಟವು ಸಾಮಾನ್ಯ ಜನರ ಆಟವೇ ಆಗಿದ್ದಿರಬೇಕಷ್ಟೆ.

ಆ ಹಳೆಯ ಸರಳತೆ ಅಲ್ಲಿನ ದೂರದ ಮೂಲೆಗಳಲ್ಲಿ ಇನ್ನೂ ಉಳಿದಿದೆ. ಹ್ಯಾರಿಸ್ ದ್ವೀಪದ ಕಡಲಂಚಿನಲ್ಲಿರುವ ಒಂಬತ್ತು ಕುಳಿಗಳ ಮೈದಾನವು ಬಹುಕಾಲದಿಂದ ಒಂದು ಪೆಟ್ಟಿಗೆಯ ಮೇಲಿನ ನಂಬಿಕೆಯಿಂದ ನಡೆದುಬಂದಿದೆ. ಆಡಲು ಬಂದವನು ತಾನಾಗಿಯೇ ಹಣವನ್ನು ಪೆಟ್ಟಿಗೆಯಲ್ಲಿ ಹಾಕಬೇಕು, ಕೇಳುವವರಿಲ್ಲ, ನೋಡುವವರಿಲ್ಲ. ಪ್ರಸಿದ್ಧ ಆಂಗ್ಲ ಆಟಗಾರ ನಿಕ್ ಫಾಲ್ಡೊ ಒಮ್ಮೆ ಅಲ್ಲಿಗೆ ಬಂದಾಗ ಐದು ಪೌಂಡಿನ ನೋಟಿನ ಮೇಲೆ ರುಜು ಹಾಕಿ ಪೆಟ್ಟಿಗೆಯಲ್ಲಿಟ್ಟರು. ಊರವರು ಆ ನೋಟನ್ನು ಖರ್ಚುಮಾಡದೆ ಜೋಪಾನವಾಗಿ ಇಟ್ಟುಕೊಂಡರು. ಬ್ರಿಟನ್ನಿನ ಮುಖ್ಯ ಭೂಭಾಗದ ವಾಯವ್ಯ ತುದಿಯಲ್ಲಿರುವ ಡರ್ನೆಸ್ ಎಂಬಲ್ಲಿ ಊರಿನ ಮೂವರು ಸೇರಿ ತಾವೇ ಯೋಜನೆ ಹಾಕಿ ಒಂದು ಮೈದಾನವನ್ನು ರೂಪಿಸಿದರು. 1988ರಲ್ಲಿ ಅದು ಆಟಕ್ಕೆ ತೆರೆಯಿತು. ಅದರ ಕೊನೆಯ ಕುಳಿಯನ್ನು ಮುಟ್ಟಬೇಕಾದರೆ ಚೆಂಡನ್ನು ಕಡಲಿನ ಒಂದು ಚಾಚನ್ನು ದಾಟಿಸಿ ಹೊಡೆಯಬೇಕು!

ಹುಲ್ಲೇ ಬೆಳೆಯದ ಕಡೆ ಮಾಡುವುದೇನು? ಆಸ್ಟ್ರೇಲಿಯದ ಒಣ ಹಳ್ಳಿಗಳ ರೈತರು ಅದಕ್ಕೂ ಉಪಾಯ ಕಂಡುಕೊಂಡರು. ಕುಳಿಯ ಸುತ್ತಲ ನೆಲಕ್ಕೆ ಹಳೆಯ ಎಣ್ಣೆ ಬೆರೆಸಿದ ಮರಳನ್ನು ಹರಡಿ ಸಮಮಾಡುವುದು. ಆಡಿ ಮುಗಿಸಿದವನು ತನ್ನ ಹೆಜ್ಜೆಯ ಗುರುತುಗಳನ್ನು ತಾನೇ ಅಳಿಸಿ ಹೋಗುವುದು. ನೀರಿನ ಅಭಾವವಿದ್ದ ಭಾರತದ ಅನೇಕ ದಂಡು ಪ್ರದೇಶಗಳಲ್ಲಿಯೂ ಇದೇ ಪದ್ಧತಿ ಇದ್ದಿತು. ಹಸುರಲ್ಲದ ಆ ನೆಲಕ್ಕೆ ಆಟಗಾರರು ‘ಬ್ರೌನ್’ ಎಂದೇ ಹೆಸರಿಟ್ಟಿದ್ದರು.

ಹೀಗೆ ಕೈಯಲ್ಲಿ ಇದ್ದುದರಲ್ಲಿಯೇ ಮಾಡಿಕೊಂಡ ಮೈದಾನಗಳಿಗೆ ತಮ್ಮದೇ ಆದ ಒಂದು ಚೆಲುವಿದೆ. ಅವುಗಳನ್ನು ಕಟ್ಟಿದವರಿಗೆ ಒಂದೊಂದು ಮರದ ಕಥೆಯೂ ಗೊತ್ತು. ಒಂದೊಂದು ದಿಣ್ಣೆಯ ಮೊಂಡುತನವೂ ಗೊತ್ತು. ಅಮೆರಿಕದ ಹಳ್ಳಿಗಾಡಿನಲ್ಲಿಯೂ ಹೊಲವನ್ನು ಮೈದಾನವಾಗಿ ಮಾರ್ಪಡಿಸಿಕೊಂಡ ಕುಟುಂಬಗಳಿವೆ. ಅಂಥವರಲ್ಲಿ ಹೆಚ್ಚಿನವರು ಹಾಗೆ ಮಾಡಿದುದು ಆಟದ ಮೇಲಿನ ಆಸೆಯಿಂದ, ಇಲ್ಲವೆ ನಾಲ್ಕು ಕಾಸು ಬಂದೀತೆಂಬ ನಿರೀಕ್ಷೆಯಿಂದ. ಈಸ್ಟ್ ಕ್ಯಾಂಟನ್ನಿನ ಪೊವೆಲ್ ಕುಟುಂಬ ಹಾಗೆ ಮಾಡಿದುದಕ್ಕೆ ಕಾರಣ ಬೇರೆ. ಬೇರೆ ಯಾವ ಮೈದಾನವೂ ಅವರನ್ನು ಒಳಗೆ ಬಿಡುತ್ತಿರಲಿಲ್ಲ.

ಚೀಲ ಹೊತ್ತ ಹುಡುಗ

ವಿಲಿಯಂ ಪೊವೆಲ್ ಹುಟ್ಟಿದುದು 1916ರಲ್ಲಿ, ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ ಒಂದಾದ ಅಲಬಾಮದಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಕೊನೆಗಂಡು ಆಗ ಐವತ್ತು ವರ್ಷಗಳಷ್ಟೇ ಕಳೆದಿದ್ದುವು. ಕಪ್ಪು ಜನಾಂಗದ ಸಾವಿರಾರು ಕುಟುಂಬಗಳು ಬದುಕನ್ನರಸಿ ಉತ್ತರದತ್ತ ಹೊರಟಿದ್ದ ಕಾಲ ಅದು. ಪೊವೆಲ್ ಕುಟುಂಬವೂ ಹಾಗೆಯೇ ಹೊರಟು ಓಹಾಯೊದ ಮಿನರ್ವ ಎಂಬ ಊರಿನಲ್ಲಿ ನೆಲೆಸಿತು.

ಆ ಊರಿನ ಸಮೀಪದಲ್ಲಿ ಒಂದು ಗಾಲ್ಫ್ ಮೈದಾನವಿದ್ದಿತು. ಒಂಬತ್ತು ವರ್ಷದ ಹುಡುಗ ಅಲ್ಲಿಗೆ ಹೋಗಿ ನಿಂತನು. ಆಡುವವರ ಚೀಲ ಹೊರುವ ಕ್ಯಾಡಿಯ ಕೆಲಸ ಸಿಕ್ಕಿತು. ಚೀಲ ಹೊರುತ್ತ ಹೊರುತ್ತ ಆಟವನ್ನು ಕಣ್ಣಿನಿಂದಲೇ ಕಲಿತನು. ಬಿಡುವು ದೊರೆತಾಗ ಕೋಲು ಹಿಡಿದು ಕೈಯಿಂದಲೂ ಕಲಿತನು. ಶಾಲೆಯಲ್ಲಿ ಅವನು ಫುಟ್‌ಬಾಲ್ ಆಟದಲ್ಲಿಯೂ ಹೆಸರು ಗಳಿಸಿದನು. ಆದರೆ ಮನಸ್ಸು ನೆಟ್ಟಿದ್ದುದು ಗಾಲ್ಫಿನಲ್ಲಿಯೇ.

ಮುಂದೆ ಆತ ಓದಲು ಸೇರಿದುದು ಕಪ್ಪು ಜನಾಂಗದವರಿಗಾಗಿ 1856ರಲ್ಲಿ ಸ್ಥಾಪಿತವಾದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾನಿಲಯವನ್ನು. ಅಲ್ಲಿ ಆತನೂ ಆತನ ಅಣ್ಣನೂ ಗಾಲ್ಫ್ ತಂಡದಲ್ಲಿ ಆಡಿದರು. ಆ ತಂಡವು ಬಿಳಿಯ ವಿದ್ಯಾರ್ಥಿಗಳಿದ್ದ ಓಹಾಯೊ ನಾರ್ದರ್ನ್ ವಿಶ್ವವಿದ್ಯಾನಿಲಯದ ತಂಡದೊಡನೆ ಪಂದ್ಯವಾಡಿತು. ಅಮೆರಿಕದ ಕಾಲೇಜುಗಳ ಚರಿತ್ರೆಯಲ್ಲಿ ಕಪ್ಪು ಬಿಳಿ ಎರಡೂ ಜನಾಂಗಗಳ ತಂಡಗಳು ಎದುರುಬದುರಾಗಿ ಆಡಿದ ಮೊದಲ ಗಾಲ್ಫ್ ಪಂದ್ಯ ಅದೇ ಎಂದು ಹೇಳುತ್ತಾರೆ.

ಸಾಗರದಾಚೆ ತೆರೆದ ಬಾಗಿಲು

ಎರಡನೆಯ ಮಹಾಯುದ್ಧ ಬಂದಿತು. ಪೊವೆಲರು ಅಮೆರಿಕದ ಸೇನೆಯ ವಾಯುದಳದಲ್ಲಿ ಸೇರಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಬಿಡುವಿನ ದಿನಗಳಲ್ಲಿ ಇಂಗ್ಲೆಂಡಿನ ಮತ್ತು ಸ್ಕಾಟ್ಲೆಂಡಿನ ಮೈದಾನಗಳಲ್ಲಿ ಆಡಿದರು. ಪರದೇಶದಲ್ಲಿ ಯಾರೂ ಅವರ ಬಣ್ಣವನ್ನು ಕೇಳಿ ಬಾಗಿಲು ಮುಚ್ಚಲಿಲ್ಲ. ಆಟಗಾರನೆಂಬ ಒಂದೇ ಹೆಸರಿನಿಂದ ಅವರಿಗೆ ಸ್ವಾಗತ ದೊರೆಯಿತು.

ಯುದ್ಧ ಮುಗಿಸಿ 1946ರಲ್ಲಿ ಊರಿಗೆ ಮರಳಿದಾಗ ಕಂಡುದೇನು? ಯಾವ ದೇಶಕ್ಕಾಗಿ ಸಮವಸ್ತ್ರ ಧರಿಸಿದ್ದರೋ ಆ ದೇಶದ ಮೈದಾನಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಚೀಲ ಹೊರಲು ಬರಬಹುದಾಗಿದ್ದಿತು; ಆಡಲು ಬರುವಂತಿರಲಿಲ್ಲ. ಇದು ಒಂದೆರಡು ಊರುಗಳ ಕೆಟ್ಟ ನಡವಳಿಕೆ ಮಾತ್ರವಾಗಿರಲಿಲ್ಲ. ವೃತ್ತಿ ಆಟಗಾರರ ರಾಷ್ಟ್ರೀಯ ಸಂಘವಾದ ಪಿ.ಜಿ.ಎ.ಯು 1934ರಲ್ಲಿ ತನ್ನ ನಿಯಮಾವಳಿಯಲ್ಲಿಯೇ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂದು ಬರೆದುಕೊಂಡಿದ್ದಿತು. ಆ ಮಾತನ್ನು ಅಳಿಸಿದುದು 1961ರಲ್ಲಿ.

ಇಂಥ ಸಂದರ್ಭದಲ್ಲಿ ಮನುಷ್ಯನಿಗೆ ತೋರುವ ದಾರಿಗಳು ಕೆಲವೇ. ಆಟವನ್ನು ಬಿಟ್ಟುಬಿಡಬಹುದು; ಬಾಗಿಲ ಮುಂದೆ ನಿಂತು ಬೇಡಬಹುದು; ಕೋಪದಿಂದ ಕುದಿಯಬಹುದು. ಪೊವೆಲರು ಇವು ಯಾವುದನ್ನೂ ಆರಿಸಿಕೊಳ್ಳದೆ ಬೇರೊಂದು ನಿರ್ಧಾರಕ್ಕೆ ಬಂದರು. ತಮ್ಮದೇ ಆದ ಮೈದಾನವೊಂದನ್ನು ಕಟ್ಟುವುದು. ಅದಕ್ಕೆ ಬಣ್ಣವನ್ನು ನೋಡುವ ಬಾಗಿಲನ್ನೇ ಇಡದಿರುವುದು!

ಎಪ್ಪತ್ತೆಂಟು ಎಕರೆಯ ಸಾಹಸ

ಹೇಳಲು ಸುಲಭವಾದ ಮಾತು ಇದು. ಗಾಲ್ಫ್ ಮೈದಾನವೆಂದರೆ ಮನೆಯ ಹಿತ್ತಿಲಲ್ಲಿ ಗೆರೆ ಎಳೆದು ಆಡುವ ಆಟದ ಜಾಗವಲ್ಲ. ಒಂಬತ್ತು ಕುಳಿಗಳ ಸಣ್ಣ ಮೈದಾನಕ್ಕೂ ಐವತ್ತು ಅರುವತ್ತು ಎಕರೆ ನೆಲ ಬೇಕು. ಹದಿನೆಂಟು ಕುಳಿಗಳಿಗೆ ಅದರ ಇಮ್ಮಡಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಕುಳಿಯ ಅಗಲ ಮಾತ್ರ ನಾಲ್ಕೂಕಾಲು ಅಂಗುಲ. ಆ ಪುಟ್ಟ ಕುಳಿಯತ್ತ ಚೆಂಡನ್ನು ನೂರಾರು ಗಜಗಳ ದೂರದಿಂದ ಹೊಡೆದು ತರಬೇಕಾದುದರಿಂದಲೇ ಅಷ್ಟು ವಿಸ್ತಾರವಾದ ಭೂಮಿ.

ಹಣ ಎಲ್ಲಿಂದ ಬರಬೇಕು? ಯುದ್ಧದಿಂದ ಮರಳಿದ ಯೋಧರಿಗೆ ಮನೆ, ಹೊಲ, ವ್ಯಾಪಾರಗಳಿಗಾಗಿ ಸಾಲ ಸುಲಭವಾಗಿ ಸಿಗುವಂತೆ ಅಮೆರಿಕದ ಸರ್ಕಾರವು 1944ರಲ್ಲಿ ಕಾನೂನು ಮಾಡಿದ್ದಿತು. ಸರ್ಕಾರದ್ದು ಜಾಮೀನು ಮಾತ್ರ. ಹಣ ಕೊಡಬೇಕಾದವರು ಸ್ಥಳೀಯ ಬ್ಯಾಂಕಿನವರು. ಕಪ್ಪು ಯೋಧನು ಅರ್ಜಿ ಹಿಡಿದು ಹೋದಾಗ ಆ ಜಾಮೀನಿಗೆ ಬೆಲೆಯಿಲ್ಲದಾಗುತ್ತಿದ್ದುದು ಆ ಕಾಲದ ಸಾಮಾನ್ಯ ಅನುಭವ. ಪೊವೆಲರಿಗೂ ಸಾಲ ಸಿಗಲಿಲ್ಲ.

ಆಗ ನೆರವಿಗೆ ಬಂದವರು ಸ್ವಜನರೇ. ಕಪ್ಪು ಜನಾಂಗದ ಇಬ್ಬರು ವೈದ್ಯರು ಪಾಲುದಾರರಾಗಿ ಹಣ ಹಾಕಿದರು. ಒಡಹುಟ್ಟಿದ ಅಣ್ಣನು ತನ್ನ ಮನೆಯನ್ನು ಒತ್ತೆಯಿಟ್ಟು ತಮ್ಮನ ಕೈಗೆ ಹಣ ಕೊಟ್ಟನು. ಹೀಗೆ ಕೂಡಿಬಂದ ಹಣದಿಂದ ಈಸ್ಟ್ ಕ್ಯಾಂಟನ್ನಿನ ಬಳಿ 78 ಎಕರೆಗಳ ಒಂದು ಹಳೆಯ ಹೈನುಹೊಲವನ್ನು ಕೊಂಡರು. ಅದು ಇರುವುದು ಲಿಂಕನ್ ಹೆದ್ದಾರಿಯ ಪಕ್ಕದಲ್ಲಿ. ಗುಲಾಮರಿಗೆ ಬಿಡುಗಡೆಯನ್ನು ಸಾರಿದ ಅಧ್ಯಕ್ಷನ ಹೆಸರನ್ನು ಹೊತ್ತ ದಾರಿ ಅದು!

ಹಗಲು ಹೊಲದಲ್ಲಿ, ರಾತ್ರಿ ಕಾರ್ಖಾನೆಯಲ್ಲಿ

ಭೂಮಿಯೇನೋ ಬಂದಿತು. ಅದನ್ನು ಮೈದಾನವಾಗಿ ಮಾಡಲು ಶಿಲ್ಪಿಯಿಲ್ಲ, ಗುತ್ತಿಗೆದಾರನಿಲ್ಲ, ದೊಡ್ಡ ಯಂತ್ರಗಳಿಲ್ಲ. ಹೊಟ್ಟೆಪಾಡಿಗೆ ಪೊವೆಲರು ಕ್ಯಾಂಟನ್ ನಗರದ ಟಿಮ್ಕೆನ್ ಕಾರ್ಖಾನೆಯಲ್ಲಿ ಕಾವಲುಗಾರನ ಕೆಲಸ ಹಿಡಿದಿದ್ದರು. ಯಂತ್ರಗಳ ಬೇರಿಂಗುಗಳನ್ನು ತಯಾರಿಸುವ ಹೆಸರಾಂತ ಕಾರ್ಖಾನೆ ಅದು. ರಾತ್ರಿಯ ಪಾಳಿ ಮುಗಿಸಿ ಬಂದು, ಸ್ವಲ್ಪ ನಿದ್ರೆ ಮಾಡಿ, ಹಗಲೆಲ್ಲ ಹೊಲದಲ್ಲಿ ದುಡಿಮೆ. ಹೆಂಡತಿ ಮಾರ್ಸೆಲ್ಲಾ ಹೆಗಲೆಣೆಯಾಗಿ ನಿಂತರು. ಮಗಳು ರೆನೆ ಹುಟ್ಟಿದುದು ಅದೇ 1946ರಲ್ಲಿ. ಕೈಗೂಸಿನ ತಾಯಿ ಮನೆಯನ್ನೂ ನೋಡಿಕೊಂಡು ಹೊಲಕ್ಕೂ ಇಳಿದರು.

ಕೆಲಸ ಒಂದೆರಡು ಬಗೆಯದಲ್ಲ. ಮೊದಲು ಹಸುಗಳಿಗಾಗಿ ಹಾಕಿದ್ದ ಬೇಲಿಯ ಕಂಬಗಳನ್ನು ಕಿತ್ತು ಹಾಕಬೇಕು. ಕಂಬ ಕಿತ್ತ ಗುಳಿಗಳನ್ನು ಮುಚ್ಚಬೇಕು. ನೆಲದಲ್ಲಿ ಹುದುಗಿದ ಕಲ್ಲುಗಳನ್ನು ಆರಿಸಿ ಹೊರಹಾಕಬೇಕು. ಆಮೇಲೆ ಹುಲ್ಲಿನ ಬೀಜ ಬಿತ್ತಬೇಕು. ಚೆಂಡು ಹೊಡೆಯಲು ಆರಂಭಿಸುವ ಕಟ್ಟೆಯ ಹುಲ್ಲು ಒಂದು ಬಗೆ. ಅಲ್ಲಿಂದ ಮುಂದೆ ಸಾಗುವ ಉದ್ದನೆಯ ಹಾದಿಯ ಹುಲ್ಲು ಇನ್ನೊಂದು ಬಗೆ. ಕುಳಿಯ ಸುತ್ತ ‘ಗ್ರೀನ್’ ಎಂದು ಕರೆಯುವ ಭಾಗದ ಹುಲ್ಲು ಎಲ್ಲಕ್ಕಿಂತ ನಯವಾದುದು. ಚೆಂಡು ಅಲ್ಲಿ ಹಾರುವುದಿಲ್ಲ, ಉರುಳುತ್ತದೆ. ಒಂದು ಬೆಣಚು, ಒಂದು ಒರಟು ಗಂಟು ಇದ್ದರೂ ದಿಕ್ಕು ತಪ್ಪುತ್ತದೆ. ಪೊವೆಲ್ ದಂಪತಿಗಳು ಬೀಜವನ್ನು ಬಹುಮಟ್ಟಿಗೆ ಕೈಯಿಂದಲೇ ಎರಚಿ ಬಿತ್ತಿದರು. ರಾಗಿಯ ಹೊಲವನ್ನು ಕಂಡವರಿಗೆ ಈ ಕೆಲಸದ ಕಷ್ಟವನ್ನು ವಿವರಿಸಬೇಕಾಗಿಲ್ಲ.

ನೆಲವನ್ನು ಅಗೆದು ಗುಡ್ಡವೆಬ್ಬಿಸಲು, ಕೆರೆ ತೋಡಲು ಹಣವಿರಲಿಲ್ಲ. ಆದುದರಿಂದ ನೆಲವು ಏರಿದ ಕಡೆ ಆಟವೂ ಏರಿತು. ಇಳಿದ ಕಡೆ ಆಟವೂ ಇಳಿಯಿತು. ಹಸುಗಳು ಮೇಯ್ದ ಇಳಿಜಾರುಗಳೇ ಚೆಂಡು ಉರುಳುವ ಹಾದಿಗಳಾದುವು. ಬಡತನದಿಂದ ಒದಗಿದ ಈ ಸಂಯಮವೇ ಆ ಮೈದಾನಕ್ಕೆ ಒಂದು ಸಹಜವಾದ ಸೊಗಸನ್ನು ತಂದಿತು. ಲಕ್ಷಾಂತರ ಡಾಲರು ಸುರಿದು ಕಟ್ಟಿದ ಮೈದಾನಗಳಲ್ಲಿ ನೆಲವು ಶಿಲ್ಪಿಯ ಮಾತನ್ನು ಕೇಳುತ್ತದೆ. ಇಲ್ಲಿ ಕಟ್ಟಿದವನೇ ನೆಲದ ಮಾತನ್ನು ಕೇಳಿದನು.

ಎರಡು ವರ್ಷಗಳ ದುಡಿಮೆಯ ಮೇಲೆ, 1948ರಲ್ಲಿ ಒಂಬತ್ತು ಕುಳಿಗಳ ಮೈದಾನವು ಆಟಕ್ಕೆ ತೆರೆಯಿತು. ಒಂಬತ್ತನ್ನೇ ಎರಡು ಸಲ ಸುತ್ತಿದರೆ ಹದಿನೆಂಟರ ಪೂರ್ಣ ಆಟವಾಗುತ್ತದೆ. ಪೊವೆಲರು ಅದಕ್ಕೆ ‘ಕ್ಲಿಯರ್‌ವ್ಯೂ’ ಎಂದು ಹೆಸರಿಟ್ಟರು. ತಿಳಿನೋಟವೆಂದು ಅದರ ಅರ್ಥ. ಕಪ್ಪು ಜನಾಂಗದವನೊಬ್ಬನು ತಾನೇ ಯೋಜಿಸಿ, ತಾನೇ ಕಟ್ಟಿ, ತಾನೇ ಒಡೆಯನಾಗಿ ನಡೆಸಿದ ಅಮೆರಿಕದ ಮೊದಲ ಗಾಲ್ಫ್ ಮೈದಾನವೆಂದು ಅದು ಇಂದು ಹೆಸರಾಗಿದೆ.

ಎಲ್ಲರಿಗೂ ತೆರೆದ ಅಂಗಳ

ತಮ್ಮನ್ನು ಹೊರಗಿಟ್ಟವರನ್ನು ತಾವೂ ಹೊರಗಿಡುವ ಅವಕಾಶ ಪೊವೆಲರಿಗೆ ಈಗ ದೊರಕಿದ್ದಿತು. ಅವರು ಅದನ್ನು ಬಳಸಿಕೊಳ್ಳಲಿಲ್ಲ. ಕ್ಲಿಯರ್‌ವ್ಯೂ ಮೊದಲ ದಿನದಿಂದಲೂ ಎಲ್ಲರ ಮೈದಾನವಾಗಿದ್ದಿತು. ಕಪ್ಪು ಜನರು ದೂರದೂರದಿಂದ ಬಂದರು. ಬಿಳಿಯರೂ ಬಂದರು. ಕಾರ್ಖಾನೆಯ ಕೆಲಸಗಾರ, ಅಂಗಡಿಯವ, ಶಾಲೆಯ ಉಪಾಧ್ಯಾಯ ಇವರೆಲ್ಲರಿಗೂ ನಿಲುಕುವ ಆಟವಾಗಿ ಗಾಲ್ಫ್ ಅಲ್ಲಿ ಮರಳಿ ತನ್ನ ಹಳೆಯ ರೂಪವನ್ನು ತಾಳಿತು.

ಎಲ್ಲರೂ ಮೆಚ್ಚಿದರೆಂದಲ್ಲ. ಕಟುನುಡಿಗಳನ್ನು ಕುಟುಂಬ ಕೇಳಬೇಕಾಯಿತು. ರಾತ್ರಿಯಲ್ಲಿ ಬಂದು ಮೈದಾನಕ್ಕೆ ಹಾನಿಮಾಡಿ ಹೋದವರಿದ್ದರು. ಹಾಳಾದುದನ್ನು ಮರುದಿನ ಸರಿಪಡಿಸಿ, ಆಡಲು ಬಂದವರಿಗೆ ಎಂದಿನಂತೆ ಬಾಗಿಲು ತೆರೆಯುವುದೇ ಕುಟುಂಬದ ಉತ್ತರವಾಗಿದ್ದಿತು. ಹತ್ತು ವರ್ಷಗಳ ಬಳಿಕ, 1958ರಲ್ಲಿ ಪೊವೆಲರು ಪಾಲುದಾರರ ಹಣವನ್ನು ತೀರಿಸಿ ಇಡೀ ಮೈದಾನವನ್ನು ಕುಟುಂಬದ ಸ್ವತ್ತಾಗಿ ಮಾಡಿಕೊಂಡರು. ಆದರೂ ಕಾರ್ಖಾನೆಯ ಕೆಲಸವನ್ನು ಕೂಡಲೇ ಬಿಡುವಂತಿರಲಿಲ್ಲ. ಹಳ್ಳಿಯ ಮೈದಾನದ ಆದಾಯ ಮಳೆಬಿಸಿಲುಗಳನ್ನು ನಂಬಿದ ಬೆಳೆಯಂತೆಯೇ. ಓಹಾಯೊದ ಚಳಿಗಾಲದಲ್ಲಿ ಹಿಮ ಬಿದ್ದರೆ ಆಟವೂ ನಿಲ್ಲುತ್ತದೆ, ಆದಾಯವೂ ನಿಲ್ಲುತ್ತದೆ. ಹುಲ್ಲಿನ ಆರೈಕೆ ಮಾತ್ರ ಯಾವ ಕಾಲದಲ್ಲಿಯೂ ಮರೆಯುವಂತಹದಲ್ಲ.

ಅಂಗಳದಲ್ಲಿ ಬೆಳೆದ ಮಗಳು

ಮನೆಯ ಮುಂದೆಯೇ ಮೈದಾನವಿದ್ದಾಗ ಮಕ್ಕಳಿಗೆ ಬೇರೆ ಆಟಿಕೆ ಏಕೆ? ರೆನೆಯ ಕೈಗೆ ತಂದೆ ಪುಟ್ಟ ಕೋಲೊಂದನ್ನು ಕೊಟ್ಟಾಗ ಅವಳಿಗೆ ಮೂರು ವರ್ಷ. ಹನ್ನೆರಡನೆಯ ವಯಸ್ಸಿಗೆ ಅವಳು ಪಂದ್ಯಗಳಲ್ಲಿ ಆಡತೊಡಗಿದಳು. ಕಾಲೇಜಿನಲ್ಲಿ ಮಹಿಳಾ ತಂಡದ ನಾಯಕಿಯಾದಳು. 1967ರಲ್ಲಿ ಆಕೆ ಮಹಿಳೆಯರ ವೃತ್ತಿಪರ ಪಂದ್ಯಾವಳಿಯನ್ನು ಪ್ರವೇಶಿಸಿದಳು. ಆಕೆಗಿಂತ ಮೊದಲು ಕಪ್ಪು ಜನಾಂಗದಿಂದ ಅಲ್ಲಿಗೆ ಬಂದಿದ್ದವಳು ಒಬ್ಬಳೇ: 1957 ಮತ್ತು 1958ರಲ್ಲಿ ವಿಂಬಲ್ಡನ್ ಟೆನಿಸ್ ಪ್ರಶಸ್ತಿಯನ್ನು ಗೆದ್ದು, ಆಮೇಲೆ ಗಾಲ್ಫಿನತ್ತ ತಿರುಗಿದ ಆಲ್ತಿಯಾ ಗಿಬ್ಸನ್.

ತಂದೆಯ ಮೈದಾನದಲ್ಲಿ ದೊರೆತ ಸಮಾನತೆ ಹೊರಗಿನ ಲೋಕದಲ್ಲಿ ದೊರೆಯಲಿಲ್ಲ. ಆಡಲು ಹೋದ ಊರುಗಳ ಹೋಟೆಲುಗಳಲ್ಲಿ ಕೋಣೆ ನಿರಾಕರಿಸಿದುದುಂಟು. ಪ್ರಾಣಬೆದರಿಕೆಯ ಪತ್ರಗಳು ಬಂದುದುಂಟು. ತಾಯಿತಂದೆಗಳಿಂದ ಕಲಿತ ಸಹನೆಯೊಂದೇ ಆಕೆಯ ರಕ್ಷೆ. 1980ರವರೆಗೆ ಆಕೆ 250ಕ್ಕೂ ಹೆಚ್ಚು ಪಂದ್ಯಾವಳಿಗಳಲ್ಲಿ ಆಡಿದಳು. ಇಂಗ್ಲೆಂಡಿನಲ್ಲಿಯೂ ಕೆಲಕಾಲ ಆಟದ ಶಿಕ್ಷಕಿಯಾಗಿದ್ದಳು. ಕೊನೆಗೆ ಮರಳಿ ಬಂದುದು ಹುಟ್ಟಿ ಬೆಳೆದ ಅಂಗಳಕ್ಕೇ.

ಅಷ್ಟರಲ್ಲಿ ಆ ಅಂಗಳವೂ ಬೆಳೆದಿದ್ದಿತು. ಪಕ್ಕದ ಭೂಮಿಯನ್ನು ಕೊಂಡು ಇನ್ನೂ ಒಂಬತ್ತು ಕುಳಿಗಳನ್ನು ಸೇರಿಸಿ, 1978ರಲ್ಲಿ ಕ್ಲಿಯರ್‌ವ್ಯೂ ಹದಿನೆಂಟು ಕುಳಿಗಳ ಪೂರ್ಣ ಮೈದಾನವಾಯಿತು. ಮೊದಲ ಒಂಬತ್ತು ಕುಳಿಗಳಿಂದ ಹದಿನೆಂಟಕ್ಕೆ ತಲುಪಲು ಹಿಡಿದುದು ಮೂವತ್ತು ವರ್ಷ! ಮಗ ಲ್ಯಾರಿ ಹುಲ್ಲು ನೀರುಗಳ ಉಸ್ತುವಾರಿಯನ್ನು ವಹಿಸಿಕೊಂಡು ತಂದೆಯ ಕೈಕೆಲಸವನ್ನು ಮುಂದುವರಿಸಿದನು. ಕಲಿಸುವ ಹೊಣೆ ಮಗಳದಾಯಿತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಗಾಲ್ಫ್ ಪ್ರತಿಷ್ಠಾನವು ಈ ಕುಟುಂಬವನ್ನು ವರ್ಷದ ಗಾಲ್ಫ್ ಕುಟುಂಬವೆಂದು ಗೌರವಿಸಿತು. ನಾಲ್ಕು ವರ್ಷಗಳ ಮೇಲೆ, 1996ರಲ್ಲಿ ಮಾರ್ಸೆಲ್ಲಾ ತೀರಿಕೊಂಡರು. ತಮ್ಮ ಬಾಳಿನ ಐವತ್ತು ವರ್ಷಗಳನ್ನು ಆ ಹೊಲಕ್ಕೆ ಸುರಿದಿದ್ದ ತಾಯಿ, ಈ ಒಂದು ಗೌರವವನ್ನಾದರೂ ಕಣ್ಣಾರೆ ಕಂಡು ಹೋದರು.

ತಡವಾಗಿ ಬಂದ ಮನ್ನಣೆ

2001ರಲ್ಲಿ ಅಮೆರಿಕದ ಸರ್ಕಾರವು ಕ್ಲಿಯರ್‌ವ್ಯೂ ಮೈದಾನವನ್ನು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿತು. ಕೋಟೆಗಳೂ ಮಹಲುಗಳೂ ಇರುವ ಆ ಪಟ್ಟಿಯಲ್ಲಿ ಕಾರ್ಖಾನೆಯ ಕಾವಲುಗಾರನೊಬ್ಬ ಕೈಯಿಂದ ಬಿತ್ತಿದ ಹುಲ್ಲಿಗೂ ಸ್ಥಾನ ದೊರೆಯಿತು. 2009ರಲ್ಲಿ, ಒಂದು ಕಾಲದಲ್ಲಿ ಬಿಳಿಯರಿಗೆ ಮಾತ್ರವೆಂದು ಬರೆದುಕೊಂಡಿದ್ದ ಅದೇ ಪಿ.ಜಿ.ಎ.ಯು ತನ್ನ ವಿಶಿಷ್ಟ ಸೇವಾ ಪ್ರಶಸ್ತಿಯನ್ನು ಪೊವೆಲರಿಗೆ ನೀಡಿತು. ಆಗ ಅವರಿಗೆ ತೊಂಬತ್ತೆರಡು ವರ್ಷ. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಅವರು ಕಣ್ಣುಮುಚ್ಚಿದರು.

ಮಗಳಿಗೆ ಬಂದ ಗೌರವಗಳಲ್ಲಿ ಒಂದು ವಿಶೇಷವಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಈ ಆಟಕ್ಕೆ ಕಾಶಿಯಿದ್ದಂತೆ. ಹದಿನೆಂಟು ಕುಳಿಗಳ ಆಟವೆಂಬ ಪದ್ಧತಿ ರೂಢಿಗೆ ಬಂದುದೇ 1764ರಲ್ಲಿ ಅಲ್ಲಿನ ಮೈದಾನದ 22 ಕುಳಿಗಳನ್ನು 18ಕ್ಕೆ ಇಳಿಸಿದಂದಿನಿಂದ. ಆ ಊರಿನ ವಿಶ್ವವಿದ್ಯಾನಿಲಯವು 2008ರಲ್ಲಿ ರೆನೆ ಪೊವೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅಲ್ಲಿನ ಪ್ರಸಿದ್ಧ ಕ್ಲಬ್ಬು ಎರಡೂವರೆ ಶತಮಾನಗಳ ಕಾಲ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿರಲಿಲ್ಲ. 2015ರಲ್ಲಿ ಅದು ಗೌರವ ಸದಸ್ಯತ್ವ ನೀಡಿದ ಮೊದಲ ಏಳು ಮಂದಿ ಮಹಿಳೆಯರಲ್ಲಿ ಬ್ರಿಟನ್ನಿನ ರಾಜಕುಮಾರಿ ಆ್ಯನ್ ಒಬ್ಬರು. ಈಸ್ಟ್ ಕ್ಯಾಂಟನ್ನಿನ ಹೈನುಹೊಲದಲ್ಲಿ ಬೆಳೆದ ರೆನೆ ಇನ್ನೊಬ್ಬರು. 2018ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯವೊಂದಕ್ಕೆ ಅವರ ಹೆಸರನ್ನೇ ಇಟ್ಟರು. ಯುದ್ಧಕಾಲದಲ್ಲಿ ತಂದೆಯನ್ನು ಆದರಿಸಿದ ನಾಡು, ಎರಡನೆಯ ತಲೆಮಾರಿನಲ್ಲಿ ಮಗಳನ್ನು ಮನೆಯವಳನ್ನಾಗಿ ಮಾಡಿಕೊಂಡಿತು.

ಈ ಪ್ರಶಸ್ತಿಗಳೆಲ್ಲ ಬಂದ ಮೇಲೂ ಕ್ಲಿಯರ್‌ವ್ಯೂ ಹಳ್ಳಿಯ ಮೈದಾನವಾಗಿಯೇ ಉಳಿಯಿತು. ಮಕ್ಕಳಿಗೆ ಕಲಿಸುವ ಪರಿಪಾಠ ನಿಲ್ಲಲಿಲ್ಲ. ಸೇನೆಯಲ್ಲಿ ಸೇವೆ ಸಲ್ಲಿಸಿ, ಮೈಮನಸ್ಸುಗಳಲ್ಲಿ ಗಾಯಗಳನ್ನು ಹೊತ್ತು ಮರಳಿದ ಮಹಿಳೆಯರಿಗೆ ಆಟದ ಮೂಲಕ ನೆಮ್ಮದಿ ದೊರಕಿಸುವ ಶಿಕ್ಷಣಕ್ರಮವೊಂದನ್ನು ರೆನೆ 2011ರಲ್ಲಿ ಅಲ್ಲಿ ಆರಂಭಿಸಿದರು. ಯುದ್ಧದಿಂದ ಮರಳಿದ ತಂದೆಗೆ ಊರಿನ ಮೈದಾನಗಳು ಬಾಗಿಲು ಮುಚ್ಚಿದ್ದುವು. ಯುದ್ಧದಿಂದ ಮರಳಿದವರಿಗಾಗಿಯೇ ಮಗಳು ಮೈದಾನದ ಬಾಗಿಲನ್ನು ತೆರೆದಿಟ್ಟಳು.

ಒಂದು ಮನೆಯವರು ಕಟ್ಟಿದ ಮೈದಾನಕ್ಕೂ ಹಣದಿಂದ ಎದ್ದ ಮೈದಾನಕ್ಕೂ ಇರುವ ವ್ಯತ್ಯಾಸ ಹುಲ್ಲಿನ ನಯದಲ್ಲಿ ಕಾಣುವುದಿಲ್ಲ. ಒಳಗೆ ಬಂದವನನ್ನು ಮಾತನಾಡಿಸುವ ರೀತಿಯಲ್ಲಿ ಕಾಣುತ್ತದೆ. ಹ್ಯಾರಿಸ್ ದ್ವೀಪದ ಪೆಟ್ಟಿಗೆ, ಬಂದವನು ಪ್ರಾಮಾಣಿಕನೆಂದು ಮೊದಲೇ ನಂಬುತ್ತದೆ. ಡರ್ನೆಸ್ಸಿನ ಕಡಲಂಚು, ಊರವರು ಮೂವರು ಸೇರಿದರೆ ಏನಾಗಬಹುದೆಂಬುದನ್ನು ತೋರಿಸುತ್ತದೆ. ಕ್ಲಿಯರ್‌ವ್ಯೂ ಅವುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೊರಗೆ ನಿಲ್ಲಿಸಲ್ಪಟ್ಟವನು ಒಳಗಿನವನಾದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕಲಿಸುತ್ತದೆ. ಚೀಲ ಹೊತ್ತ ಹುಡುಗನೊಬ್ಬ ಬೆಳೆದು ದೊಡ್ಡವನಾಗಿ, ಯಾರನ್ನೂ ಚೀಲಕ್ಕೆ ಮಾತ್ರ ಸೀಮಿತಗೊಳಿಸದ ಅಂಗಳವೊಂದನ್ನು ಕಟ್ಟಿಟ್ಟು ಹೋದನು. ಲಿಂಕನ್ ಹೆದ್ದಾರಿಯಲ್ಲಿ ಸಾಗುವವರಿಗೆ ಅದರ ಹುಲ್ಲು ಇಂದಿಗೂ ಕಾಣುತ್ತದೆ.